ಗುಡಿಸುವ ಮುನ್ನ

ನಮ್ಮ ಮನೆಯಲ್ಲಿ ಕಸ ಗುಡಿಸುವ ಮುನ್ನ
ಕೇಳಿ ಗುಡಿಸಬೇಕು.
"ಎಲ್ಲ ಅವಾ?" ಅಂತೀನಿ.
ಇವರು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿ
ಗಾಜಿನ ತಟ್ಟೆಯ ಮೇಲೆ ಎಣಿಸುತ್ತಾರೆ:
ಬಸವ ಅವ್ನೆ, ಏತ ಅದೆ,
ಒನಕೆ ಅದೆ, ಒನಕೆ ಹಿಡಿದೋಳು...
ತಡಿ, ತಡಿ. ಹಾಂ, ಅವ್ಳೆ. ಗುಡಿಸು.

ಮೂವತ್ತೊಂದು ವರ್ಷ ಸಕ್ಕರೆ ಫ್ಯಾಕ್ಟರಿಯಲ್ಲಿ ಪಾಕ ಕಾದವರು.
ಕುದಿಯುವುದರಿಂದ ಒಂದು ತೊಟ್ಟು ಗಾಜಿಗೆ ಸವರಿ
ದೀಪಕ್ಕೆ ಹಿಡಿದು
ಹರಳು ಕಟ್ಟಿತೋ ಇಲ್ಲವೋ ಹೇಳುವ ಕೆಲಸ.
ಬಾಗಿಲಲ್ಲಿ ಲಾರಿಗಟ್ಟಲೆ ಕಬ್ಬು ಕಾಯುತ್ತಿದ್ದರೂ
ಇವರ ಕಣ್ಣು ಮಾತ್ರ ಒಂದು ಕಾಳಿನ ಮೇಲೆ.
ಇವರು ರಿಟೈರಾದರು, ಕಣ್ಣು ಆಗಲಿಲ್ಲ.

ಈಗ ಸಕ್ಕರೆ ಹರಳಿನಲ್ಲೇ ಕೆತ್ತನೆ.
ಉಳಿ ಅಂದರೆ ಹೊಲಿಗೆ ಸೂಜಿ,
ತೇದು ತೇದು ಮೊನೆಯೇ ಕಾಣದಂತಾದದ್ದು.
ಕುಂಚ ಅಂದರೆ ನನ್ನ ರೆಪ್ಪೆಗೂದಲು,
ಬೆಳಿಗ್ಗೆ ದಿಂಬಿನ ಮೇಲೆ ಹುಡುಕಿ ತೆಗೆದದ್ದು.
ಮದುವೆಯಾದ ಹೊಸತರಲ್ಲೂ ನನ್ನ ದಿಂಬನ್ನು
ಇಷ್ಟು ಗಮನವಿಟ್ಟು ನೋಡಿದವರಲ್ಲ.

ಸಕ್ಕರೆಗೆ ಉಸಿರು ಆಗದು.
ತಾಗಿದರೆ ಮೊದಲು ಮೂಗು ಕರಗುತ್ತದೆ,
ಆಮೇಲೆ ಮುಖ.
ಅದಕ್ಕೇ ಬಾಯಿಗೆ ನನ್ನ ಹಳೇ ಸೀರೆಯ ತುಂಡು,
ಡಬ್ಬಿಯೊಳಗೆ ಸುಣ್ಣದ ಹೆಂಟೆ,
ಮಳೆಗಾಲ ಪೂರ್ತಿ ಕೆಲಸ ಬಂದ್.
ನಾಡಿ ಒಮ್ಮೆ ಬಡಿದು ಇನ್ನೊಮ್ಮೆ ಬಡಿಯುವುದರೊಳಗೆ
ಒಂದು ಗೀರು.
ಆಮೇಲೆ ಬಿಡುವು.

ಗೇಟಿನ ಪಕ್ಕದ ಮನೆ ನಮ್ಮದು.
ಮೈಸೂರು ರೈಲು ಬಂದರೆ ಪಾತ್ರೆ ನಡುಗುತ್ತವೆ,
ಕಬ್ಬಿನ ಟ್ರ್ಯಾಕ್ಟರ್ ಬಂದರೆ ಗೋಡೆ.
ರಾತ್ರಿ ಎರಡೂವರೆಯಿಂದ ನಾಲ್ಕರವರೆಗೆ
ಮಂಡ್ಯ ಅಲುಗದೆ ಮಲಗಿರುತ್ತದೆ.
ಆ ಒಂದೂವರೆ ಗಂಟೆಯಲ್ಲೇ
ಏತಕ್ಕೆ ಹಗ್ಗ ಮೂಡಿದ್ದು.
ಎಚ್ಚರವಿದ್ದರೂ ನಾನು ಮಗ್ಗುಲು ಬದಲಿಸುವುದಿಲ್ಲ.

ನೋಡಲು ಬಂದವರು ಭೂತಗನ್ನಡಿಗೆ ಬಗ್ಗಿ
ಅಬ್ಬಾ ಅನ್ನುತ್ತಾರೆ.
ಎದುರು ಮನೆ ತಿಬ್ಬಮ್ಮ ಮಾತ್ರ
"ಒಂದ್ ಲೋಟ ಕಾಪಿಗೂ ಆಗಕಿಲ್ವಲ್ಲವ್ವ ಇದು" ಅಂದಳು.
ಇವರು ನಕ್ಕರು,
ಬಟ್ಟೆಯೊಳಗೇ, ಗಾಳಿ ಹೊರಬರದ ಹಾಗೆ.

ಹೋದ ಮಾಘದಲ್ಲಿ ಒಂದು ಕಾಳು ಕಳೆಯಿತು.
ಮೂರು ತಿಂಗಳ ಕೆಲಸ.
ಏನು ಕೆತ್ತಿದ್ದರೋ, ನನಗೆ ತೋರಿಸಿರಲಿಲ್ಲ.
ಟಾರ್ಚನ್ನು ನೆಲಕ್ಕೆ ಮಲಗಿಸಿ
ಇಬ್ಬರೂ ಮಂಡಿಯೂರಿ ಹುಡುಕಿದೆವು.
ದಿನಾ ಗುಡಿಸುವ ನೆಲದಲ್ಲಿ
ಇಷ್ಟೆಲ್ಲ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ:
ರಾಗಿ, ಮರಳು, ಉಗುರಿನ ಚೂರು,
ಯಾವತ್ತೋ ಹರಿದ ಸರದ ಕರಿಮಣಿ,
ಒಂದೊಂದೂ ತನಗಿಂತ ಉದ್ದದ ನೆರಳು ಚಾಚಿ ನಿಂತಿತ್ತು,
ಇಳಿಹೊತ್ತಿನ ಬಯಲಲ್ಲಿ ಮರ ನಿಂತ ಹಾಗೆ.

"ಗುಡಿಸ್ದಾ?"
"ಕೇಳೇ ಗುಡಿಸ್ದೆ."
"ನಾನು ಎಣಿಸ್ದ್ನಾ?"
"ಎಣಿಸಿದ್ರಿ."

ಹೊಸಿಲ ಬಿರುಕಿನಲ್ಲಿ ಇರುವೆ ಸಾಲು.
ಇವರು ಭೂತಗನ್ನಡಿ ಹಿಡಿದು
ಟೋಲ್‌ಗೇಟಿನವನ ಹಾಗೆ ಕೂತರು,
ಒಂದೊಂದರ ಹೊರೆಯನ್ನೂ ನೋಡಿ ಬಿಡುತ್ತ.
ಐದರ ರೈಲು ಹೋಯಿತು.
ಕಿಟಕಿ ಬೆಳ್ಳಗಾಯಿತು.

"ಬುಡತ್ತಗೆ," ಅಂದರು ಕೊನೆಗೆ.
"ಅವು ಹೊತ್ಕಂಡೋಗಿದ್ರೆ ಒಳ್ಳೇದೇ ಆಯ್ತು.
ನಮಗೆ ಬೆಳಗೊಳದ ಬೆಟ್ಟ ಹೆಂಗೋ
ಅವಕ್ಕೆ ಅದು ಹಂಗೆ.
ಗಾಜಿಲ್ದೆ ನೋಡೋರು ಅಂದ್ರೆ ಅವೇಯ.
ಮುಖಾನೂ ಕಂಡಿರ್ತವೆ."

"ಯಾರ ಮುಖ?"

ಇವರು ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ,
ಮಡಿಸಿ, ಮೇಜಿನ ಮೇಲಿಟ್ಟು
ಕಾಫಿ ಕೇಳಿದರು.

ಒಳಗೆ ಬಂದೆ. ಹಾಲು ಕಾಯಿತು.
ಸಕ್ಕರೆ ಡಬ್ಬಿ ರಾತ್ರಿಯೆಲ್ಲ ಇವರ ಮೇಜಿನ ಮೇಲೇ ಇದ್ದದ್ದು,
ಮುಚ್ಚಳ ತೆರೆದೇ ಇತ್ತು.
ಚಮಚ ತುಂಬಿ
ಇವರು ಹಿಡಿಯುವ ಹಾಗೇ ದೀಪಕ್ಕೆ ಹಿಡಿದೆ.
ಪ್ರತಿ ಕಾಳೂ ಮಿನುಗಿತು,
ಪ್ರತಿಯೊಂದೂ ಅದೇ ಆಗಿರಬಹುದಿತ್ತು.

ಮೆಲ್ಲಗೆ ವಾಪಸು ಸುರಿದು
ಆವತ್ತು ಬೆಲ್ಲ ಹಾಕಿದೆ.